ವಸಾಹತುಗಾರರ ಸ್ವಾತಂತ್ರ್ಯ, ಗುಲಾಮರ ಸ್ವಾತಂತ್ರ್ಯ: ಇತಿಹಾಸಕಾರರ ಅಳತೆಗೋಲನ್ನು ಕುರಿತು ಒಂದು ವಿಮರ್ಶೆ

೧

ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಅಟ್ಲಾಂಟಿಕ್ ಸಾಗರದ ಪಶ್ಚಿಮ ತೀರದಲ್ಲಿ ಎರಡು ಬಗೆಯ ಜನರು ಸ್ವಾತಂತ್ರ್ಯಕ್ಕಾಗಿ ಹೋರಾಡಿದರು. ಬ್ರಿಟನ್ನಿನ ಹದಿಮೂರು ವಸಾಹತುಗಳಲ್ಲಿ ನೆಲೆಸಿದ್ದ ಬಿಳಿಯರು ತಮ್ಮ ಒಪ್ಪಿಗೆಯಿಲ್ಲದೆ ತೆರಿಗೆ ವಿಧಿಸಿದ ಪಾರ್ಲಿಮೆಂಟಿನ ವಿರುದ್ಧ ಎದ್ದರು. ಅದೇ ವಸಾಹತುಗಳಲ್ಲಿಯೂ, ಫ್ರಾನ್ಸಿನ ವಶದಲ್ಲಿದ್ದ ಸಾಂ-ದೊಮಿಂಗ್ ಎಂಬ ನಾಡಿನಲ್ಲಿಯೂ (ಇಂದಿನ ಹೈಟಿ) ಗುಲಾಮರಾಗಿದ್ದ ಆಫ್ರಿಕನ್ ಮೂಲದ ಜನರು ತಮ್ಮ ಒಡೆಯರ ವಿರುದ್ಧ ಎದ್ದರು. ಮೊದಲನೆಯದಕ್ಕೆ ಇತಿಹಾಸವು 'ಕ್ರಾಂತಿ' ಎಂದು ಹೆಸರಿಟ್ಟಿತು. ಎರಡನೆಯದಕ್ಕೆ ಬಹುಕಾಲ 'ದಂಗೆ' ಎಂಬ ಹೆಸರೇ ನಿಂತಿತು. ೧೮೫೭ರ ಘಟನೆಗಳನ್ನು ಸಿಪಾಯಿ ದಂಗೆಯೆನ್ನಬೇಕೋ ಸ್ವಾತಂತ್ರ್ಯ ಸಂಗ್ರಾಮವೆನ್ನಬೇಕೋ ಎಂಬ ದೀರ್ಘ ವಿವಾದವನ್ನು ಬಲ್ಲ ನಮ್ಮ ವಾಚಕರಿಗೆ ಒಂದು ಹೆಸರಿನ ತೂಕವೆಷ್ಟೆಂಬುದನ್ನು ವಿವರಿಸಬೇಕಾಗಿಲ್ಲ.

ಪ್ರಕೃತ ಲೇಖನದಲ್ಲಿ ನಾವು ಪರಿಶೀಲಿಸಹೊರಟಿರುವುದು ಆ ಹೋರಾಟಗಳ ಕಥನವನ್ನಲ್ಲ, ಅವುಗಳನ್ನು ಅಳೆಯಲು ಇತಿಹಾಸಕಾರರು ಬಳಸಿದ ಅಳತೆಗೋಲನ್ನು. ಇದಕ್ಕಾಗಿ ಮುಖ್ಯವಾಗಿ ಎರಡು ಗ್ರಂಥಗಳನ್ನು ಆರಿಸಿಕೊಂಡಿದ್ದೇವೆ. ಒಂದು, ಅಮೆರಿಕದ ಇತಿಹಾಸಕಾರ ಆರ್. ಆರ್. ಪಾಮರ್ ಅವರು ೧೯೫೯ ಮತ್ತು ೧೯೬೪ರಲ್ಲಿ ಎರಡು ಸಂಪುಟಗಳಾಗಿ ಪ್ರಕಟಿಸಿದ 'ಪ್ರಜಾಸತ್ತಾತ್ಮಕ ಕ್ರಾಂತಿಯ ಯುಗ' ಎಂದು ಕನ್ನಡಿಸಬಹುದಾದ ಗ್ರಂಥ. ಇನ್ನೊಂದು, ಟ್ರಿನಿಡಾಡಿನಲ್ಲಿ ಹುಟ್ಟಿದ ಸಿ. ಎಲ್. ಆರ್. ಜೇಮ್ಸ್ ಅವರು ೧೯೩೮ರಲ್ಲಿ ಲಂಡನ್ನಿನಿಂದ ಹೊರತಂದ 'ಕರಿಯ ಜಾಕೊಬಿನರು' ಎಂಬರ್ಥದ ಹೆಸರಿನ ಗ್ರಂಥ. ಮೊದಲನೆಯದು ವಸಾಹತುಗಾರರ ಹೋರಾಟವನ್ನು ನಡುವೆ ಇಟ್ಟುಕೊಂಡಿದೆ. ಎರಡನೆಯದು ಗುಲಾಮರ ಹೋರಾಟವನ್ನು. ಈ ಎರಡನ್ನೂ ಒಟ್ಟಿಗೆ ಓದಿದಾಗ ನಮಗೆ ತೋರುವ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಉಚಿತ: ವಸಾಹತುಗಾರನ ಹೋರಾಟ ಯಾವ ನೆಲೆಯಿಂದ ಹೊರಟಿತೋ ಆ ನೆಲೆಯನ್ನು ತಲಪುವುದೇ ಗುಲಾಮನ ಹೋರಾಟದ ಗುರಿಯಾಗಿತ್ತು. ಹೊರಟ ಸ್ಥಳವನ್ನು ಲೆಕ್ಕಕ್ಕೆ ಹಿಡಿಯದೆ ನಡೆದ ದೂರವನ್ನು ಅಳೆಯುವ ಇತಿಹಾಸವು ಎರಡನೆಯ ಹೋರಾಟವನ್ನು ಕಾಣಲಾರದು.

೨

ಪಾಮರ್ ಅವರ ಗ್ರಂಥದ ವ್ಯಾಪ್ತಿ ದೊಡ್ಡದು. ಅವರ ವಿದ್ವತ್ತು ಅದಕ್ಕೆ ತಕ್ಕುದಾಗಿದೆ. ೧೭೬೦ರಿಂದ ೧೮೦೦ರವರೆಗಿನ ನಾಲ್ವತ್ತು ವರ್ಷಗಳಲ್ಲಿ ಅಮೆರಿಕ, ಫ್ರಾನ್ಸ್, ಹಾಲೆಂಡ್, ಬೆಲ್ಜಿಯಂ, ಜಿನೀವಾ, ಐರ್ಲೆಂಡ್, ಪೋಲೆಂಡ್, ಇಟಲಿ ಮೊದಲಾದೆಡೆ ಕಂಡುಬಂದ ರಾಜಕೀಯ ಕ್ಷೋಭೆಗಳು ಬಿಡಿ ಬಿಡಿ ಘಟನೆಗಳಲ್ಲ, ಒಂದೇ ದೊಡ್ಡ ಚಳವಳಿಯ ಅಂಗಗಳು ಎಂಬುದು ಅವರ ಪ್ರತಿಪಾದನೆ. ಕೆಲವೇ ಕುಲೀನ ಮನೆತನಗಳ ಕೈಯಲ್ಲಿ ವಂಶಾನುಗತವಾಗಿ ಉಳಿದುಬಂದಿದ್ದ ಸಭೆಗಳು, ಮಂಡಲಿಗಳು ಮತ್ತು ನ್ಯಾಯಪೀಠಗಳ ವಿರುದ್ಧ, ಅಧಿಕಾರವು ಜನರಿಂದಲೇ ಬರಬೇಕೆಂಬ ತತ್ತ್ವ ಅಲ್ಲೆಲ್ಲ ತಲೆಯೆತ್ತಿತೆಂದು ಅವರು ತೋರಿಸುತ್ತಾರೆ. ಒಂದೊಂದು ದೇಶದ ಇತಿಹಾಸವನ್ನು ಅದರ ಗಡಿಯೊಳಗೇ ಓದುತ್ತಿದ್ದ ಪದ್ಧತಿಯನ್ನು ಇದು ಸಡಿಲಿಸಿತೆಂಬುದರಲ್ಲಿ ಸಂದೇಹವಿಲ್ಲ.

ಅವರ ಒಂದು ಲೆಕ್ಕ ಪ್ರಸಿದ್ಧವಾಗಿದೆ. ಅಮೆರಿಕದ ಕ್ರಾಂತಿ ಸೌಮ್ಯವಾದುದು, ಫ್ರಾನ್ಸಿನದು ಉಗ್ರವಾದುದು ಎಂಬ ರೂಢಿಯ ಮಾತನ್ನು ಪರೀಕ್ಷಿಸಲು, ನಾಡು ಬಿಟ್ಟು ಹೋದವರ ಸಂಖ್ಯೆಯನ್ನು ಅವರು ಜನಸಂಖ್ಯೆಯೊಡನೆ ತಾಳೆ ನೋಡಿದರು. ಸಾವಿರ ಮಂದಿಗೆ ಫ್ರಾನ್ಸಿನಲ್ಲಿ ಐವರು, ಅಮೆರಿಕದಲ್ಲಿ ೨೪ ಮಂದಿ ನಾಡು ತೊರೆದರೆಂಬುದು ಅವರ ನಿರ್ಣಯ. ರೂಢಿಯ ಮಾತನ್ನು ಅಲುಗಿಸಲು ಇದು ಸಾಕು. ಆದರೆ ಈ ಅಳತೆಯ ಹಿಂದೆ ನಾಡು ಬಿಟ್ಟವನ ಒಂದು ಚಿತ್ರ ನಿಂತಿದೆ. ಅವನು ಮನೆ, ಜಮೀನು, ಪದವಿಗಳನ್ನು ಕಳೆದುಕೊಂಡು ಪರದೇಶಕ್ಕೆ ಹೋದವನು. ಅವನ ನಷ್ಟವೇ ಕ್ರಾಂತಿಯ ತೀವ್ರತೆಗೆ ಪ್ರಮಾಣ. ೧೭೮೩ರಲ್ಲಿ ನ್ಯೂಯಾರ್ಕ್ ಬಂದರಿನಿಂದ ಬ್ರಿಟಿಷ್ ಹಡಗುಗಳನ್ನೇರಿದ ಸುಮಾರು ಮೂರು ಸಾವಿರ ಕಪ್ಪುಜನರ ಹೆಸರುಗಳು ಒಂದು ದಾಖಲೆ ಪುಸ್ತಕದಲ್ಲಿ ಉಳಿದಿವೆ. ಇವರಲ್ಲಿ ಹೆಚ್ಚಿನವರಿಗೆ ಆ ಹಡಗು ತಮ್ಮ ದೇಹವನ್ನು ತಮಗೇ ಕೊಡಿಸಿದ ಸಾಧನ. ಒಬ್ಬನಿಗೆ ಸರ್ವನಾಶವಾದ ಪ್ರಯಾಣ ಇನ್ನೊಬ್ಬನಿಗೆ ಬಿಡುಗಡೆಯಾಗಿತ್ತು. ಇಬ್ಬರನ್ನೂ 'ನಾಡು ಬಿಟ್ಟವರು' ಎಂಬ ಒಂದೇ ಅಂಕಣದಲ್ಲಿ ಸೇರಿಸಿದರೆ ಲೆಕ್ಕ ಸರಿಯಾಗಬಹುದು, ಅರ್ಥ ಸರಿಯಾಗಲಾರದು.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ಸಾಂ-ದೊಮಿಂಗ್‌ಗೆ ಈ ಎರಡು ಸಂಪುಟಗಳಲ್ಲಿ ಪ್ರತ್ಯೇಕವಾದ ಒಂದು ಅಧ್ಯಾಯವೂ ದೊರೆತಿಲ್ಲ. ಹೈಟಿ ಸ್ವತಂತ್ರವಾದದ್ದು ೧೮೦೪ರಲ್ಲಿ, ಗ್ರಂಥದ ಕಾಲಮಿತಿ ೧೮೦೦ಕ್ಕೇ ಮುಗಿಯುತ್ತದೆ ಎಂದು ಸಮಾಧಾನ ಹೇಳಬಹುದು. ಆದರೆ ಗುಲಾಮರು ಎದ್ದದ್ದು ೧೭೯೧ರಲ್ಲಿ. ಫ್ರಾನ್ಸಿನ ರಾಷ್ಟ್ರೀಯ ಸಮಾವೇಶ ತನ್ನ ವಸಾಹತುಗಳಲ್ಲಿ ಗುಲಾಮಗಿರಿಯನ್ನು ರದ್ದುಗೊಳಿಸಿದ್ದು ೧೭೯೪ರ ಫೆಬ್ರವರಿ ೪ರಂದು. ಎರಡೂ ಆ ಕಾಲಮಿತಿಯೊಳಗೇ ಬರುತ್ತವೆ. ಆದಕಾರಣ ಈ ಲೋಪಕ್ಕೆ ಕಾರಣವನ್ನು ವ್ಯಾಖ್ಯೆಯಲ್ಲಿಯೇ ಹುಡುಕಬೇಕು. ಯಾರಿಗೆ ಪ್ರಾತಿನಿಧ್ಯ, ಯಾರಿಂದ ಅಧಿಕಾರ ಎಂಬ ಪ್ರಶ್ನೆಯೇ ಕ್ರಾಂತಿಯ ಲಕ್ಷಣವೆಂದು ಒಪ್ಪಿದ ಮೇಲೆ, ಕಾನೂನಿನ ಕಣ್ಣಿನಲ್ಲಿ ವ್ಯಕ್ತಿಯೇ ಅಲ್ಲದವನು ಆ ಪ್ರಶ್ನೆಯನ್ನು ಕೇಳುವ ಸ್ಥಾನದಲ್ಲಿಯೇ ಇರುವುದಿಲ್ಲ.

೩

ಹಾಗಾದರೆ ವಸಾಹತುಗಾರರು ಗುಲಾಮಗಿರಿಯ ಮಾತನ್ನೇ ಆಡಲಿಲ್ಲವೇ? ಆಡಿದರು, ಮೇಲಿಂದ ಮೇಲೆ ಆಡಿದರು. ೧೭೬೫ರ ಸ್ಟಾಂಪ್ ಕಾಯಿದೆ, ೧೭೬೭ರ ಟೌನ್‌ಷೆಂಡ್ ಸುಂಕಗಳು, ೧೭೭೩ರ ಚಹಾ ಕಾಯಿದೆ, ಇವುಗಳನ್ನು ವಿರೋಧಿಸಿದ ಕರಪತ್ರಗಳಲ್ಲಿ ಪಾರ್ಲಿಮೆಂಟು ತಮ್ಮನ್ನು ಗುಲಾಮರನ್ನಾಗಿ ಮಾಡುತ್ತಿದೆ ಎಂಬ ದೂರು ಸಾಮಾನ್ಯವಾಗಿತ್ತು. ಇದನ್ನು ಬರಿಯ ಉತ್ಪ್ರೇಕ್ಷೆಯೆಂದು ತಳ್ಳಿಹಾಕುವಂತಿಲ್ಲ. ಬರ್ನಾರ್ಡ್ ಬೇಲಿನ್ ಅವರು ೧೯೬೭ರಲ್ಲಿ ಪ್ರಕಟಿಸಿದ, ಅಮೆರಿಕದ ಕ್ರಾಂತಿಯ ವಿಚಾರಮೂಲಗಳನ್ನು ಕುರಿತ ಗ್ರಂಥದಲ್ಲಿ, ಅಂದಿನ ರಾಜಕೀಯ ಪರಿಭಾಷೆಯಲ್ಲಿ ಈ ಶಬ್ದಕ್ಕೆ ಖಚಿತವಾದ ಅರ್ಥವಿತ್ತೆಂದು ತೋರಿಸಿಕೊಟ್ಟರು. ಇನ್ನೊಬ್ಬನ ಸ್ವೇಚ್ಛೆಗೆ ಅಧೀನನಾಗಿ ಬಾಳುವುದೇ ಆ ಅರ್ಥದಲ್ಲಿ ಗುಲಾಮಗಿರಿ.

ಈ ವಿವರಣೆಯನ್ನು ನಾವು ಒಪ್ಪುತ್ತೇವೆ. ಆದರೆ ಒಂದು ಮಾತನ್ನು ಸೇರಿಸಬೇಕಾಗಿದೆ. ವರ್ಜೀನಿಯದ ಜಮೀನುದಾರನು ಈ ಶಬ್ದವನ್ನು ಬರೆಯುವಾಗ ಅದರ ವಾಚ್ಯಾರ್ಥ ಅವನ ಹೊಗೆಸೊಪ್ಪಿನ ಹೊಲದಲ್ಲಿ ಕೆಲಸ ಮಾಡುತ್ತಿತ್ತು. ೧೭೭೫ರ ಮಾರ್ಚಿಯಲ್ಲಿ ಅಮೆರಿಕದೊಡನೆ ಸಂಧಾನವನ್ನು ಬಯಸಿ ಭಾಷಣ ಮಾಡಿದ ಎಡ್ಮಂಡ್ ಬರ್ಕ್, ಗುಲಾಮರು ಹೆಚ್ಚಾಗಿರುವ ದಕ್ಷಿಣದ ವಸಾಹತುಗಳಲ್ಲಿಯೇ ಸ್ವತಂತ್ರರು ತಮ್ಮ ಸ್ವಾತಂತ್ರ್ಯದ ವಿಷಯದಲ್ಲಿ ಹೆಚ್ಚು ಅಭಿಮಾನಿಗಳೂ ಎಚ್ಚರಿಕೆಯುಳ್ಳವರೂ ಆಗಿದ್ದಾರೆಂದು ಗುರುತಿಸಿದ್ದನು. ಅದೇ ವರ್ಷ ಸಾಮ್ಯುಯೆಲ್ ಜಾನ್ಸನ್ ಇದನ್ನೇ ಹಿಡಿದುಕೊಂಡು, ಗುಲಾಮರನ್ನು ದುಡಿಸುವವರ ಬಾಯಿಂದಲೇ ಸ್ವಾತಂತ್ರ್ಯದ ಕೂಗು ಇಷ್ಟು ಗಟ್ಟಿಯಾಗಿ ಕೇಳುವುದೇಕೆಂದು ವ್ಯಂಗ್ಯವಾಡಿದನು. ಬರ್ಕನ ಮಾತು ಹೆಚ್ಚು ಆಳವಾದುದು. ಗುಲಾಮಗಿರಿ ಎಂದರೇನೆಂದು ದಿನವೂ ಕಣ್ಣಾರೆ ಕಂಡವನಿಗೆ ಅದರ ಭಯ ಹೆಚ್ಚು. ಹಾಗೆ ಕಂಡದ್ದು ತಾನು ನಡೆಸುತ್ತಿದ್ದ ಗುಲಾಮಗಿರಿಯನ್ನೇ.

ಶಬ್ದದ ಈ ಎರಡು ಮುಖಗಳು ನಮಗೂ ಅಪರಿಚಿತವಲ್ಲ. ನಮ್ಮ ರಾಷ್ಟ್ರೀಯ ಚಳವಳಿಯ ಕಾಲದ ಬರೆವಣಿಗೆಯಲ್ಲಿ ಪರಕೀಯರ ಆಡಳಿತವನ್ನು 'ದಾಸ್ಯ' ಎಂದು ಕರೆದರು. ಅದೇ ಕಾಲದಲ್ಲಿ ಹಳ್ಳಿಗಳಲ್ಲಿ ಜೀತವಿತ್ತು. ಜೀತಪದ್ಧತಿಯನ್ನು ರದ್ದುಪಡಿಸುವ ಕಾಯಿದೆ ಬಂದದ್ದು ಸ್ವಾತಂತ್ರ್ಯ ಬಂದು ಸುಮಾರು ಮೂರು ದಶಕಗಳ ಮೇಲೆ, ೧೯೭೬ರಲ್ಲಿ. ಪುಣೆಯ ಜ್ಯೋತಿರಾವ್ ಫುಲೆ ಅವರು ೧೮೭೩ರಲ್ಲಿ ತಮ್ಮ 'ಗುಲಾಮಗಿರಿ' ಎಂಬ ಮರಾಠಿ ಗ್ರಂಥವನ್ನು, ಗುಲಾಮರ ವಿಮೋಚನೆಗಾಗಿ ದುಡಿದ ಅಮೆರಿಕದ ಸಜ್ಜನರಿಗೆ ಅರ್ಪಿಸಿದರು. ಅಮೆರಿಕದ ಇತಿಹಾಸದ ಎರಡು ಹೋರಾಟಗಳಲ್ಲಿ ತಮ್ಮ ಜನಕ್ಕೆ ಮಾದರಿ ಯಾವುದೆಂಬುದನ್ನು ಅವರು ಅರ್ಪಣೆಯ ಮಾತಿನಲ್ಲಿಯೇ ಸೂಚಿಸಿದ್ದರು.

೪

ಗುಲಾಮರ ಹೋರಾಟಕ್ಕೆ ಲಿಖಿತ ಆಧಾರಗಳಿಲ್ಲ, ಅವರಲ್ಲಿ ತತ್ತ್ವವಿರಲಿಲ್ಲ, ನೋವು ಮಾತ್ರವಿತ್ತು ಎಂಬ ಭಾವನೆ ಪಠ್ಯಪುಸ್ತಕಗಳಲ್ಲಿ ಬಹುಕಾಲ ಉಳಿದಿತ್ತು. ಮಸಾಚುಸೆಟ್ಸಿನ ದಾಖಲೆಗಳು ಇದನ್ನು ಸುಳ್ಳುಮಾಡುತ್ತವೆ. ಬಾಸ್ಟನ್ ಬಂದರಿನಲ್ಲಿ ಚಹಾ ಪೆಟ್ಟಿಗೆಗಳನ್ನು ಸಮುದ್ರಕ್ಕೆ ಎಸೆದದ್ದು ೧೭೭೩ರ ಡಿಸೆಂಬರಿನಲ್ಲಿ. ಅದೇ ವರ್ಷದ ಜನವರಿಯಲ್ಲಿ ಫೆಲಿಕ್ಸ್ ಎಂಬ ಹೆಸರಿನ ಸಹಿಯುಳ್ಳ ಗುಲಾಮರ ಮನವಿ ಆ ಪ್ರಾಂತದ ಗವರ್ನರನಿಗೂ ಶಾಸನಸಭೆಗೂ ಸಲ್ಲಿತ್ತು. ಏಪ್ರಿಲಿನಲ್ಲಿ ಇನ್ನೊಂದು ಪತ್ರ ಬಂದಿತು. ತಮ್ಮನ್ನು ಗುಲಾಮರನ್ನಾಗಿಸುವ ಯತ್ನವನ್ನು ಇಷ್ಟು ಧೀರತೆಯಿಂದ ಎದುರಿಸುತ್ತಿರುವವರಿಂದ ತಾವು ದೊಡ್ಡದನ್ನೇ ನಿರೀಕ್ಷಿಸುತ್ತೇವೆಂದು ಅದರಲ್ಲಿ ಬರೆದಿದ್ದರು. ಈ ವಿನಯದೊಳಗಿನ ಮೊನೆಯನ್ನು ಗಮನಿಸಬೇಕು. ವಸಾಹತುಗಾರರ ರೂಪಕವನ್ನು ಗುಲಾಮರು ಕೈಗೆತ್ತಿಕೊಂಡು ಅದರ ವಾಚ್ಯಾರ್ಥವನ್ನು ಅವರ ಮುಂದಿಟ್ಟರು. ೧೭೭೭ರ ಜನವರಿಯಲ್ಲಿ ಪ್ರಿನ್ಸ್ ಹಾಲ್ ಮೊದಲಾದವರು ಸಲ್ಲಿಸಿದ ಮನವಿ ಇನ್ನೂ ನೇರವಾದುದು: ಬ್ರಿಟನ್ನಿನ ವಿರುದ್ಧ ಅಮೆರಿಕ ಹೂಡಿದ ಪ್ರತಿಯೊಂದು ವಾದವೂ ತಮ್ಮ ಪರವಾಗಿ ಇನ್ನೂ ಹೆಚ್ಚಿನ ಬಲದಿಂದ ನಿಲ್ಲುತ್ತದೆಯೆಂಬುದು ಅದರ ಸಾರ.

ನ್ಯಾಯಾಲಯದ ದಾರಿಯನ್ನೂ ಅವರು ಹಿಡಿದರು. ಮಸಾಚುಸೆಟ್ಸಿನ ಶೆಫೀಲ್ಡ್ ಎಂಬ ಊರಿನಲ್ಲಿ ಜಾನ್ ಆಶ್ಲಿ ಎಂಬ ಗಣ್ಯನ ಮನೆಯಲ್ಲಿ ೧೭೭೩ರಲ್ಲಿ ಊರಿನ ಪ್ರಮುಖರು ಸೇರಿ ಒಂದು ಘೋಷಣೆಯನ್ನು ಸಿದ್ಧಪಡಿಸಿದರು. ಮನುಷ್ಯರು ಸ್ವಭಾವತಃ ಸಮಾನರು, ಸ್ವತಂತ್ರರು ಎಂಬ ಮಾತು ಅದರಲ್ಲಿತ್ತು. ಬರೆವಣಿಗೆಯ ಕೆಲಸದಲ್ಲಿ ಥಿಯೊಡೋರ್ ಸೆಜ್‌ವಿಕ್ ಎಂಬ ವಕೀಲನಿದ್ದನು. ಆ ಮನೆಯಲ್ಲಿ ಗುಲಾಮಳಾಗಿದ್ದ ಬೆಟ್ ಎಂಬಾಕೆ, ೧೭೮೦ರಲ್ಲಿ ಜಾರಿಗೆ ಬಂದ ರಾಜ್ಯ ಸಂವಿಧಾನದ ಆಧಾರದ ಮೇಲೆ ತನ್ನ ಬಿಡುಗಡೆಯನ್ನು ಕೇಳಿ ದಾವೆ ಹೂಡಿದಳು. ಅವಳ ಪರ ನಿಂತವನು ಅದೇ ಸೆಜ್‌ವಿಕ್. ೧೭೮೧ರ ಆಗಸ್ಟಿನಲ್ಲಿ ಪಂಚರು ಅವಳ ಪರವಾಗಿ ತೀರ್ಮಾನ ಕೊಟ್ಟರು. ಆಮೇಲೆ ಅವಳು ಎಲಿಜಬೆತ್ ಫ್ರೀಮನ್ ಎಂಬ ಹೆಸರನ್ನು ಇಟ್ಟುಕೊಂಡಳು. ೧೭೮೩ರಲ್ಲಿ ಕ್ವಾಕ್ ವಾಕರ್ ಎಂಬಾತನ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧೀಶ ವಿಲಿಯಂ ಕುಷಿಂಗ್, ಗುಲಾಮಗಿರಿ ರಾಜ್ಯದ ಸಂವಿಧಾನಕ್ಕೆ ಹೊಂದುವುದಿಲ್ಲವೆಂದು ಪಂಚರಿಗೆ ತಿಳಿಸಿದನು. ೧೭೯೦ರ ಜನಗಣತಿಯಲ್ಲಿ ಆ ರಾಜ್ಯದಲ್ಲಿ ಗುಲಾಮರ ಸಂಖ್ಯೆ ಸೊನ್ನೆಯೆಂದು ನಮೂದಾಯಿತು.

ಒಂದೇ ಮನೆ, ಒಬ್ಬನೇ ವಕೀಲ, ಒಂದೇ ತತ್ತ್ವ. ಆಶ್ಲಿಯ ಮಟ್ಟಿಗೆ ಅದು ಪಾರ್ಲಿಮೆಂಟಿಗೆ ಕೊಟ್ಟ ಉತ್ತರವಾಗಿ ಮುಗಿಯಿತು. ಬೆಟ್ ಅದನ್ನು ಆಶ್ಲಿಗೇ ಪ್ರಶ್ನೆಯಾಗಿ ಹಿಂದಿರುಗಿಸಿದಳು. ವಸಾಹತುಗಾರರ ತತ್ತ್ವಗಳು ಪೊಳ್ಳೆಂದು ಸಾರುವವರು ಈ ಘಟನೆಯನ್ನು ಮರೆಯಬಾರದು. ಆ ತತ್ತ್ವಗಳು ತಾವಾಗಿಯೇ ಹರಡಿ ಗುಲಾಮರನ್ನು ಬಿಡಿಸಿದವೆನ್ನುವವರೂ ಇದನ್ನು ಮರೆಯಬಾರದು. ದಾವೆ ಹೂಡುವವರೊಬ್ಬರು ಬೇಕಾಯಿತು.

೫

ಮನವಿಗೂ ದಾವೆಗೂ ಅವಕಾಶವಿಲ್ಲದ ದಕ್ಷಿಣದ ವಸಾಹತುಗಳಲ್ಲಿ ಗುಲಾಮನ ಮುಂದಿದ್ದ ದಾರಿ ಪಲಾಯನ. ವರ್ಜೀನಿಯದ ಗವರ್ನರ್ ಲಾರ್ಡ್ ಡನ್‌ಮೋರ್ ೧೭೭೫ರ ನವೆಂಬರ್ ೭ರ ದಿನಾಂಕವುಳ್ಳ ಘೋಷಣೆಯಲ್ಲಿ, ಬಂಡಾಯಗಾರರಿಗೆ ಸೇರಿದ ಗುಲಾಮರಲ್ಲಿ ಆಯುಧ ಹಿಡಿಯಬಲ್ಲವರು ತನ್ನ ಕಡೆಗೆ ಬಂದರೆ ಅವರು ಸ್ವತಂತ್ರರೆಂದು ಸಾರಿದನು. ನೂರಾರು ಮಂದಿ ಬಂದರು. ಆಯುಧ ಹಿಡಿಯುವವರಿಗೆ ಮಾತ್ರ ಕರೆಯಿದ್ದರೂ ಹೆಂಗಸರೂ ಮಕ್ಕಳೂ ಬಂದರು. ಅವರಲ್ಲಿ ಬಹಳ ಮಂದಿಯನ್ನು ಸಿಡುಬು ಬಲಿ ತೆಗೆದುಕೊಂಡಿತು. ೧೭೭೯ರ ಜೂನ್ ೩೦ರಂದು ಸೇನಾಧಿಪತಿ ಹೆನ್ರಿ ಕ್ಲಿಂಟನ್ ಈ ಕರೆಯನ್ನು ಇನ್ನಷ್ಟು ವಿಸ್ತರಿಸಿದಾಗ ಬಂದವರ ಸಂಖ್ಯೆ ಸಾವಿರಗಳನ್ನು ಮುಟ್ಟಿತು.

ಬ್ರಿಟನ್ನು ವಿಮೋಚಕನಾಗಿತ್ತೆಂದು ಇದರಿಂದ ತಿಳಿಯಬಾರದು. ಡನ್‌ಮೋರ್ ಸ್ವತಃ ಗುಲಾಮರ ಒಡೆಯ. ರಾಜನಿಷ್ಠರ ಗುಲಾಮರಿಗೆ ಅವನ ಘೋಷಣೆ ಅನ್ವಯಿಸುತ್ತಿರಲಿಲ್ಲ. ನಮ್ಮ ವಿದ್ಯಾರ್ಥಿಗಳಿಗೆ ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದಲೂ ಟಿಪ್ಪು ಸುಲ್ತಾನನ ಮಕ್ಕಳನ್ನು ಒತ್ತೆಯಾಗಿ ಪಡೆದ ಪ್ರಸಂಗದಿಂದಲೂ ಪರಿಚಿತನಾದ ಕಾರ್ನ್‌ವಾಲಿಸ್, ಅದಕ್ಕೆ ಹನ್ನೊಂದು ವರ್ಷಗಳ ಹಿಂದೆ ಯಾರ್ಕ್‌ಟೌನಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದಾಗ, ಆಹಾರ ಕಡಮೆಯಾಗುತ್ತಲೇ ತನ್ನನ್ನು ನಂಬಿ ಬಂದಿದ್ದ ಕಪ್ಪುಜನರನ್ನು ಪಾಳೆಯದಿಂದ ಹೊರಗೆ ಅಟ್ಟಿಸಿದನು. ಅವರಲ್ಲಿ ಅನೇಕರು ಸಿಡುಬಿನಿಂದ ನರಳುತ್ತಿದ್ದವರು. ಬ್ರಿಟನ್ನಿನ ಸಕ್ಕರೆ ದ್ವೀಪಗಳಲ್ಲಿ ಗುಲಾಮಗಿರಿಯನ್ನು ನಿಲ್ಲಿಸುವ ಕಾಯಿದೆ ೧೮೩೩ರವರೆಗೂ ಆಗಲಿಲ್ಲ.

ವಸಾಹತುಗಾರರ ಸೇನೆಯಲ್ಲಿಯೂ ಸುಮಾರು ಐದು ಸಾವಿರ ಕಪ್ಪುಜನರು ಸೇವೆ ಸಲ್ಲಿಸಿದರೆಂಬ ಅಂದಾಜಿದೆ. ಬೆಂಜಮಿನ್ ಕ್ವಾರ್ಲ್ಸ್ ಅವರು ಅಮೆರಿಕದ ಕ್ರಾಂತಿಯಲ್ಲಿ ಕಪ್ಪುಜನರ ಪಾತ್ರವನ್ನು ಕುರಿತ ೧೯೬೧ರ ಗ್ರಂಥದಲ್ಲಿ ಇದರ ಅರ್ಥವನ್ನು ಸರಿಯಾಗಿ ಹಿಡಿದಿದ್ದಾರೆ. ಅವರ ಪ್ರಕಾರ ಕಪ್ಪುಜನರ ನಿಷ್ಠೆಯಿದ್ದದ್ದು ಬಿಡುಗಡೆಯ ತತ್ತ್ವಕ್ಕೆ; ಪಕ್ಷ ಅದನ್ನು ಅನುಸರಿಸಿ ನಿರ್ಧಾರವಾಗುತ್ತಿತ್ತು. ಯಾವ ಬಾವುಟದಡಿಯಲ್ಲಿ ಬಿಡುಗಡೆ ಕಂಡಿತೋ ಅಲ್ಲಿಗೆ ಹೋದವನನ್ನು ದ್ರೋಹಿಯೆನ್ನುವುದಾಗಲಿ ದೇಶಭಕ್ತನೆನ್ನುವುದಾಗಲಿ ಅಪ್ರಸ್ತುತ.

ಎರಡು ಹೋರಾಟಗಳು ಎದುರುಬದುರಾಗಿ ನಿಂತ ಕ್ಷಣಗಳೂ ಇದ್ದವು. ೧೭೭೬ರ ಸ್ವಾತಂತ್ರ್ಯ ಘೋಷಣೆಯ ಕರಡಿನಲ್ಲಿ ಜೆಫರ್ಸನ್ ಗುಲಾಮ ವ್ಯಾಪಾರದ ತಪ್ಪನ್ನು ಬ್ರಿಟನ್ನಿನ ರಾಜನ ತಲೆಗೆ ಹೊರಿಸಿದ್ದನು. ಕಾಂಗ್ರೆಸ್ಸು ಆ ಭಾಗವನ್ನು ತೆಗೆದುಹಾಕಿತು. ಆದರೆ ರಾಜನು ತಮ್ಮ ನಡುವೆ ಒಳದಂಗೆಗಳನ್ನು ಎಬ್ಬಿಸಿದನೆಂಬ ಆಪಾದನೆ ಉಳಿಯಿತು. ಗುಲಾಮನ ಬಿಡುಗಡೆಯ ಯತ್ನ ಹೀಗೆ ವಸಾಹತುಗಾರನ ದೂರುಗಳ ಪಟ್ಟಿಯಲ್ಲಿ ಸೇರಿತು. ೧೭೮೩ರ ಪ್ಯಾರಿಸ್ ಒಪ್ಪಂದದ ಏಳನೆಯ ವಿಧಿ, ಬ್ರಿಟಿಷರು ಹೊರಡುವಾಗ ಅಮೆರಿಕನ್ನರ ಗುಲಾಮರನ್ನಾಗಲಿ ಇತರ ಸ್ವತ್ತನ್ನಾಗಲಿ ಒಯ್ಯಕೂಡದೆಂದು ವಿಧಿಸಿತು. ಆ ಮೇ ತಿಂಗಳಿನಲ್ಲಿ ವಾಷಿಂಗ್ಟನ್ ಬ್ರಿಟಿಷ್ ಸೇನಾಧಿಪತಿ ಗೈ ಕಾರ್ಲ್‌ಟನ್ನನನ್ನು ಕಂಡು ಅವರನ್ನು ಹಿಂದಿರುಗಿಸಬೇಕೆಂದು ಕೇಳಿದನು. ಘೋಷಣೆಗಳ ಮೂಲಕ ಸ್ವತಂತ್ರರಾದವರು ಈಗ ಯಾರ ಸ್ವತ್ತೂ ಅಲ್ಲವೆಂದು ಕಾರ್ಲ್‌ಟನ್ ನಿರಾಕರಿಸಿದನು. ಒಂದು ರಾಷ್ಟ್ರದ ಸ್ವಾತಂತ್ರ್ಯವನ್ನು ಒಪ್ಪಿಕೊಂಡ ಪತ್ರವೇ ಇನ್ನೊಬ್ಬರ ಸ್ವಾತಂತ್ರ್ಯವನ್ನು ಕಳುವಿನ ಮಾಲೆಂದು ಎಣಿಸಿತು. ಈ ಎರಡು ಹೋರಾಟಗಳು ಒಂದೇ ನದಿಯ ಎರಡು ಕವಲುಗಳೆಂಬ ಸುಲಭವಾದ ಉಪಮೆ ಇಲ್ಲಿ ನಿಲ್ಲುವುದಿಲ್ಲ.

೬

ಈಗ ಜೇಮ್ಸ್ ಅವರ ಗ್ರಂಥಕ್ಕೆ ಬರೋಣ. ೧೭೮೯ರಲ್ಲಿ ಸಾಂ-ದೊಮಿಂಗ್ ಫ್ರಾನ್ಸಿಗೆ ಅತ್ಯಂತ ಲಾಭ ತರುತ್ತಿದ್ದ ವಸಾಹತು. ಅಲ್ಲಿ ಸುಮಾರು ಐದು ಲಕ್ಷ ಗುಲಾಮರಿದ್ದರು. ಬಿಳಿಯರು ಮೂವತ್ತರಿಂದ ನಾಲ್ವತ್ತು ಸಾವಿರ. ಮಿಶ್ರವರ್ಣದವರನ್ನೊಳಗೊಂಡ ಸ್ವತಂತ್ರರು ಸುಮಾರು ಇಪ್ಪತ್ತೆಂಟು ಸಾವಿರ. ತೌಲನಿಕ ಅಧ್ಯಯನಕ್ಕೆ ಇಷ್ಟು ಅನುಕೂಲವಾದ ಕ್ಷೇತ್ರ ಬೇರೊಂದಿಲ್ಲ. ಒಂದೇ ನೆಲದ ಮೇಲೆ ಮೂರು ಸ್ವಾತಂತ್ರ್ಯ ಹೋರಾಟಗಳು ಒಂದರ ಬೆನ್ನ ಮೇಲೊಂದು ನಡೆದವು. ಬಿಳಿಯ ಜಮೀನುದಾರರು ೧೭೯೦ರಲ್ಲಿ ಸಾಂ-ಮಾರ್ಕಿನಲ್ಲಿ ಸಭೆ ಸೇರಿ ಆಂತರಿಕ ಆಡಳಿತದ ಅಧಿಕಾರ ತಮ್ಮದೆಂದು ಸಾರಿದರು. ಪ್ಯಾರಿಸ್ಸಿನ ಕೈ ತಮ್ಮ ಗುಲಾಮರತ್ತ ಚಾಚದಿರಬೇಕೆಂಬುದು ಅದರ ಮುಖ್ಯ ಕಾರಣ. ಅದೇ ವರ್ಷದ ಕೊನೆಯಲ್ಲಿ ಮಿಶ್ರವರ್ಣದ ವಿನ್ಸಾಂ ಒಝೆ ತನ್ನ ವರ್ಗದ ಸ್ವತಂತ್ರರಿಗೆ ಮತದ ಹಕ್ಕು ಬೇಕೆಂದು ಆಯುಧ ಹಿಡಿದನು. ಗುಲಾಮರ ಬಿಡುಗಡೆಯನ್ನು ಅವನು ಕೇಳಲಿಲ್ಲ. ೧೭೯೧ರ ಫೆಬ್ರವರಿಯಲ್ಲಿ ಅವನನ್ನು ಕ್ರೂರವಾಗಿ ಕೊಂದರು. ಆ ಆಗಸ್ಟ್ ೨೨ರ ರಾತ್ರಿ ಉತ್ತರದ ಬಯಲಿನ ಕಬ್ಬಿನ ತೋಟಗಳಲ್ಲಿ ಗುಲಾಮರು ಎದ್ದರು. ಮೊದಲಿನ ಎರಡು ಹೋರಾಟಗಳು ಕೇಳದೆ ಬಿಟ್ಟಿದ್ದನ್ನು ಮೂರನೆಯದು ಕೇಳಿತು.

ಜೇಮ್ಸ್ ಅವರ ಹಿರಿಮೆಯೆಂದರೆ, ಈ ಮೂರನೆಯ ಹೋರಾಟವನ್ನು ಅವರು ರಾಜಕೀಯವೆಂದು ಓದಿದ್ದು. ದೊಡ್ಡ ಗುಂಪುಗಳಾಗಿ ಸಕ್ಕರೆ ಗಾಣಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಒಟ್ಟಾಗಿ ಯೋಜಿಸುವ ಶಿಸ್ತು ಆ ದುಡಿಮೆಯಿಂದಲೇ ಬಂದಿತೆಂದು ಅವರು ತೋರಿಸಿದರು. ೧೭೯೩ರ ಆಗಸ್ಟಿನಲ್ಲಿ ಫ್ರೆಂಚ್ ಪ್ರತಿನಿಧಿ ಸೊಂತೊನಾಕ್ಸ್ ಉತ್ತರ ಪ್ರಾಂತದಲ್ಲಿ ಗುಲಾಮಗಿರಿಯನ್ನು ರದ್ದುಮಾಡಿದ್ದು, ಮರುವರ್ಷ ಪ್ಯಾರಿಸ್ಸು ಅದನ್ನು ಎಲ್ಲ ವಸಾಹತುಗಳಿಗೂ ವಿಸ್ತರಿಸಿದ್ದು, ಇವು ಮೇಲಿನಿಂದ ಇಳಿದ ವರಗಳಲ್ಲ. ಕೆಳಗೆ ಗೆದ್ದುಕೊಂಡುದಕ್ಕೆ ಬಿದ್ದ ಮುದ್ರೆಗಳು. ಹೈಟಿ ಮೂಲದ ಮಿಶೆಲ್-ರೋಲ್ಫ್ ತ್ರುಯೋ ಅವರು ೧೯೯೫ರಲ್ಲಿ, ಅಂದಿನ ಯೂರೋಪಿಯನ್ನರಿಗೆ ಈ ಕ್ರಾಂತಿ ನಡೆಯುತ್ತಿರುವಾಗಲೂ ಊಹೆಗೆ ನಿಲುಕಲಿಲ್ಲವೆಂದೂ, ಅನಂತರದ ಇತಿಹಾಸ ಬರೆವಣಿಗೆ ಆ ಊಹಾಶೂನ್ಯತೆಯನ್ನೇ ಮುಂದುವರಿಸಿತೆಂದೂ ವಾದಿಸಿದರು. ಪಾಮರ್ ಅವರ ಮೌನಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ನಮಗೆ ಕಂಡಿಲ್ಲ.

ಆದರೆ ಜೇಮ್ಸ್ ಅವರ ಗ್ರಂಥವನ್ನೂ ವಿಮರ್ಶೆಯಿಲ್ಲದೆ ಒಪ್ಪುವಂತಿಲ್ಲ. ಗ್ರಂಥದ ಹೆಸರೇ ಒಂದು ತೊಡಕನ್ನು ಹೊತ್ತಿದೆ. ಗುಲಾಮರನ್ನು ಫ್ರಾನ್ಸಿನ ಜಾಕೊಬಿನರಿಗೆ ಹೋಲಿಸಿ ಗೌರವಿಸುವಾಗ, ಗೌರವದ ಮಾನದಂಡ ಪ್ಯಾರಿಸ್ಸಿನಲ್ಲಿಯೇ ಉಳಿಯುತ್ತದೆ. ಅಲ್ಲಿನ ಗುಲಾಮರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಫ್ರಿಕದಲ್ಲಿಯೇ ಹುಟ್ಟಿದವರು. ಅವರಿಗೆ ತಮ್ಮವೇ ಆದ ರಾಜ್ಯಗಳ, ಯುದ್ಧಗಳ, ನ್ಯಾಯದ ನೆನಪುಗಳಿದ್ದವು. ಸ್ವಾತಂತ್ರ್ಯವೆಂದರೆ ಅವರಲ್ಲಿ ಬಹುಮಂದಿಗೆ ತೋಟದ ಗಂಟೆಯಿಲ್ಲದ ಒಂದು ತುಂಡು ನೆಲ. ನಾಯಕ ತೂಸ್ಸೇಂ ಲೂವೆರ್ತ್ಯೂರ್ ಕ್ರಾಂತಿಗೆ ಮೊದಲೇ ಬಿಡುಗಡೆ ಪಡೆದಿದ್ದವನು. ೧೮೦೦ರ ಅಕ್ಟೋಬರಿನಲ್ಲಿ ಅವನು ಕೃಷಿಕಾರ್ಮಿಕರನ್ನು ಸೈನಿಕ ಶಿಸ್ತಿನಿಂದ ತೋಟಗಳಿಗೇ ಕಟ್ಟಿಹಾಕಿದನು. ಸಕ್ಕರೆಯಿಲ್ಲದೆ ಸೇನೆಯಿಲ್ಲ, ಸೇನೆಯಿಲ್ಲದೆ ಬಿಡುಗಡೆ ಉಳಿಯದೆಂಬುದು ಅವನ ತರ್ಕ. ೧೮೦೧ರ ಅವನ ಸಂವಿಧಾನ ಗುಲಾಮಗಿರಿಯನ್ನು ಶಾಶ್ವತವಾಗಿ ನಿಷೇಧಿಸಿತು, ಅವನನ್ನು ಆಜೀವ ಗವರ್ನರನನ್ನಾಗಿಯೂ ಮಾಡಿತು. ಅದೇ ವರ್ಷ ತೋಟದ ದುಡಿಮೆಗಾರರು ಎದ್ದಾಗ ಅವರ ಪಕ್ಷಪಾತಿಯೆನಿಸಿದ್ದ ತನ್ನ ಬಂಧು ಮೊಯೀಸನನ್ನು ಅವನು ಕೊಲ್ಲಿಸಿದನು. ಜೇಮ್ಸ್ ಇದನ್ನು ಮರೆಮಾಚುವುದಿಲ್ಲ; ಅದನ್ನು ನಾಯಕನ ದುರಂತವೆಂದು ಚಿತ್ರಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಅದು ಒಬ್ಬ ವ್ಯಕ್ತಿಯ ದುರಂತವಷ್ಟೇ ಅಲ್ಲ. ನಾಡಿನ ಸ್ವಾತಂತ್ರ್ಯ ಬೇರೆ, ದುಡಿಯುವವನ ಸ್ವಾತಂತ್ರ್ಯ ಬೇರೆ ಎಂಬ ಅಂತರ ಗುಲಾಮರ ಹೋರಾಟದ ಒಳಗೂ ಕಾಣಿಸಿಕೊಂಡಿತು.

ಎರಡು ಹೋರಾಟಗಳ ಫಲಗಳನ್ನು ಹೋಲಿಸುವಾಗ ಹೊರಗಿನವರ ವರ್ತನೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಮೆರಿಕದ ಯುದ್ಧಕ್ಕೆ ಫ್ರಾನ್ಸಿನ ಹಣ, ನೌಕಾಬಲಗಳು ನೆರವಾದವು. ಸಾಂ-ದೊಮಿಂಗ್‌ನ ಗುಲಾಮರು ಎದ್ದಾಗ ವಾಷಿಂಗ್ಟನ್ನನ ಸರಕಾರ ನೆರವು ನೀಡಿದ್ದು ಜಮೀನುದಾರರಿಗೆ. ೧೮೦೨ರಲ್ಲಿ ನೆಪೋಲಿಯನ್ ಸೇನೆ ಕಳುಹಿಸಿದನು. ತೂಸ್ಸೇಂ ಸೆರೆಯಾಗಿ ೧೮೦೩ರ ಏಪ್ರಿಲಿನಲ್ಲಿ ಫ್ರಾನ್ಸಿನ ಕೋಟೆಯೊಂದರಲ್ಲಿ ಸತ್ತನು. ದೆಸಾಲೀನನ ನೇತೃತ್ವದಲ್ಲಿ ೧೮೦೪ರ ಜನವರಿ ೧ರಂದು ಹೈಟಿ ಸ್ವತಂತ್ರವಾಯಿತು. ಅದರ ಬೆನ್ನಿಗೇ ಅಲ್ಲಿ ಉಳಿದಿದ್ದ ಬಿಳಿಯರ ಕಗ್ಗೊಲೆಯೂ ನಡೆಯಿತೆಂಬುದನ್ನು ಇತಿಹಾಸಕಾರನು ಮುಚ್ಚಿಡಲಾಗದು. ೧೮೦೬ರಲ್ಲಿ ಜೆಫರ್ಸನ್ನನ ಅಮೆರಿಕ ಹೈಟಿಯೊಡನೆ ವ್ಯಾಪಾರವನ್ನು ನಿಷೇಧಿಸಿತು. ಅದನ್ನು ರಾಷ್ಟ್ರವೆಂದು ಒಪ್ಪಿಕೊಳ್ಳಲು ೧೮೬೨ರವರೆಗೆ ಕಾಯಿಸಿತು. ಫ್ರಾನ್ಸು ೧೮೨೫ರಲ್ಲಿ ಮಾನ್ಯತೆ ಕೊಟ್ಟಿತು, ಹಳೆಯ ಒಡೆಯರ ನಷ್ಟಕ್ಕೆಂದು ೧೫ ಕೋಟಿ ಫ್ರಾಂಕುಗಳ ಪರಿಹಾರವನ್ನು ಹೇರಿ. ಈ ಮೊತ್ತವನ್ನು ಮುಂದೆ ಇಳಿಸಿದರೂ ಸಾಲದ ಭಾರ ತಲೆಮಾರುಗಳವರೆಗೆ ಉಳಿಯಿತು. ಹೈಟಿ ಬಡವಾದುದನ್ನು ಗುಲಾಮರ ಕ್ರಾಂತಿಯ ಸೋಲೆಂದು ತೀರ್ಮಾನಿಸುವವರು ಈ ಲೆಕ್ಕವನ್ನು ಮೊದಲು ನೋಡಬೇಕು.

೭

ಜೆಫರ್ಸನ್, ವಾಷಿಂಗ್ಟನ್ ಮೊದಲಾದವರದು ಬರಿಯ ಬೂಟಾಟಿಕೆಯೆಂದು ಹೇಳಿ ಮುಗಿಸುವುದು ಸುಲಭ. ಆದರೆ ಅದು ನೀತಿಯ ತೀರ್ಪು, ಇತಿಹಾಸದ ವಿವರಣೆಯಲ್ಲ. ಪ್ಯಾಟ್ರಿಕ್ ಹೆನ್ರಿ ೧೭೭೩ರಲ್ಲಿ ಬರೆದ ಒಂದು ಕಾಗದದಲ್ಲಿ, ಗುಲಾಮಗಿರಿ ತಪ್ಪೆಂದು ಒಪ್ಪಿಕೊಂಡು, ಅವರಿಲ್ಲದೆ ಬದುಕುವ ಅನಾನುಕೂಲತೆಯಿಂದ ತಾನು ಅವರನ್ನು ಇಟ್ಟುಕೊಂಡಿರುವುದಾಗಿ ತಿಳಿಸಿದನು. ಇವನು ತನ್ನನ್ನು ತಾನು ವಂಚಿಸಿಕೊಂಡವನಲ್ಲ. ಎಡ್ಮಂಡ್ ಮಾರ್ಗನ್ ಅವರು ೧೯೭೫ರಲ್ಲಿ ವರ್ಜೀನಿಯವನ್ನು ಕುರಿತು ಬರೆದ ಗ್ರಂಥದ ವಾದ ಇಲ್ಲಿ ಹೆಚ್ಚು ಉಪಯುಕ್ತ: ದುಡಿಯುವ ಬಡವರಲ್ಲಿ ಹೆಚ್ಚಿನವರು ಗುಲಾಮರಾಗಿ ರಾಜಕೀಯದಿಂದ ಹೊರಗುಳಿದದ್ದರಿಂದಲೇ, ಬಿಳಿಯರು ತಮ್ಮೊಳಗೆ ಸಮಾನತೆಯ ಮಾತನ್ನು ನಿರ್ಭಯವಾಗಿ ಆಡಲು ಸಾಧ್ಯವಾಯಿತು. ಅಂದರೆ ಒಂದು ಸ್ವಾತಂತ್ರ್ಯ ಇನ್ನೊಂದರ ಅಭಾವದ ಮೇಲೆ ನಿಂತಿತ್ತು. ೧೭೯೦ರಲ್ಲಿ ಸಂಯುಕ್ತ ಸಂಸ್ಥಾನಗಳ ಸುಮಾರು ೩೯ ಲಕ್ಷ ಜನರಲ್ಲಿ ಸುಮಾರು ಏಳು ಲಕ್ಷ ಮಂದಿ ಗುಲಾಮರು. ೧೮೬೦ರ ವೇಳೆಗೆ ಗುಲಾಮರೇ ಸುಮಾರು ೪೦ ಲಕ್ಷವಾದರು.

ಇದಕ್ಕೆ ವಿರುದ್ಧವಾದ ಅತಿಯೂ ಇದೆ. ಗುಲಾಮಗಿರಿಯನ್ನು ಉಳಿಸಿಕೊಳ್ಳುವುದೇ ವಸಾಹತುಗಾರರ ದಂಗೆಗೆ ಮುಖ್ಯ ಕಾರಣಗಳಲ್ಲೊಂದೆಂಬ ಮಾತು ೨೦೧೯ರಲ್ಲಿ ಅಮೆರಿಕದ ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಬಂದು ದೊಡ್ಡ ವಿವಾದವೆದ್ದಿತು. ಹಿರಿಯ ಇತಿಹಾಸಕಾರರ ಆಕ್ಷೇಪಣೆಯ ಮೇಲೆ ೨೦೨೦ರಲ್ಲಿ ಆ ಮಾತನ್ನು ವಸಾಹತುಗಾರರಲ್ಲಿ ಕೆಲವರಿಗೆ ಮಾತ್ರ ಅನ್ವಯಿಸುವಂತೆ ತಿದ್ದಲಾಯಿತು. ಡನ್‌ಮೋರನ ಘೋಷಣೆ ವರ್ಜೀನಿಯದಲ್ಲಿ ಹಿಂಜರಿಯುತ್ತಿದ್ದ ಒಡೆಯರನ್ನು ಬಂಡಾಯದ ಕಡೆಗೆ ನೂಕಿತೆಂಬುದು ನಿಜ. ಆದರೆ ಆ ಘೋಷಣೆಗೆ ಹತ್ತು ವರ್ಷ ಮೊದಲೇ ಬಾಸ್ಟನ್ನಿನಲ್ಲಿ ಪ್ರತಿಭಟನೆ ಆರಂಭವಾಗಿತ್ತು. ಕಾರಣಗಳನ್ನು ಪ್ರಾಂತಕ್ಕೆ ತಕ್ಕಂತೆ, ವರ್ಷಕ್ಕೆ ತಕ್ಕಂತೆ ತೂಗಬೇಕಲ್ಲದೆ ಒಂದೇ ಮಾತಿನಲ್ಲಿ ಕಟ್ಟಿಹಾಕಬಾರದು.

೮

ಕೊನೆಯದಾಗಿ ಒಬ್ಬ ಮನುಷ್ಯನ ಜೀವನವನ್ನು ನೋಡೋಣ. ವಾಷಿಂಗ್ಟನ್ನನ ಮೌಂಟ್ ವರ್ನನ್ ತೋಟದಲ್ಲಿ ಗುಲಾಮನಾಗಿದ್ದ, ಆಫ್ರಿಕದಲ್ಲಿ ಹುಟ್ಟಿದ ಹ್ಯಾರಿ ಎಂಬಾತ ಯುದ್ಧದ ಆರಂಭದ ವರ್ಷಗಳಲ್ಲಿ ಓಡಿಹೋಗಿ ಬ್ರಿಟಿಷರನ್ನು ಸೇರಿದನು. ನಾವು ಮೇಲೆ ಹೇಳಿದ ನ್ಯೂಯಾರ್ಕಿನ ದಾಖಲೆ ಪುಸ್ತಕದಲ್ಲಿ ಅವನ ಹೆಸರು ಹ್ಯಾರಿ ವಾಷಿಂಗ್ಟನ್ ಎಂದಿದೆ. ಅವನು ಮೊದಲು ನೋವಾ ಸ್ಕೋಷಿಯಕ್ಕೆ ಹೋದನು. ಅಲ್ಲಿ ಕೊಟ್ಟ ಮಾತಿನಂತೆ ಭೂಮಿ ದೊರೆಯದೆ ಬೇಸತ್ತ ಸುಮಾರು ೧,೨೦೦ ಮಂದಿ ೧೭೯೨ರಲ್ಲಿ ಆಫ್ರಿಕದ ಸಿಯೆರಾ ಲಿಯೋನಿಗೆ ಹೊರಟಾಗ ಅವರೊಡನೆ ಅವನೂ ಹೋದನು. ಅಲ್ಲಿನ ಕಂಪನಿ ಅವರ ಜಮೀನಿನ ಮೇಲೆ ಕಂದಾಯ ಕೇಳಿತು. ಕಂದಾಯವಿರುವುದಿಲ್ಲವೆಂಬ ಭರವಸೆಯ ಮೇಲೆ ಬಂದ ಜನರು ಒಪ್ಪಲಿಲ್ಲ. ೧೮೦೦ರಲ್ಲಿ ಒಂದು ಗುಂಪು ತನ್ನದೇ ಆದ ಕಟ್ಟಳೆಗಳನ್ನು ಬರೆದು ಸಾರ್ವಜನಿಕವಾಗಿ ಅಂಟಿಸಿತು. ಕಂಪನಿ ಅದನ್ನು ಬಂಡಾಯವೆಂದು ಅಡಗಿಸಿತು. ಇಬ್ಬರನ್ನು ಗಲ್ಲಿಗೇರಿಸಿದರು, ಹಲವರನ್ನು ಗಡೀಪಾರು ಮಾಡಿದರು. ಗಡೀಪಾರಾದವರಲ್ಲಿ ಹ್ಯಾರಿ ವಾಷಿಂಗ್ಟನ್ ಒಬ್ಬನು.

ತಮ್ಮ ಒಪ್ಪಿಗೆಯಿಲ್ಲದ ಕಂದಾಯವನ್ನು ಕೊಡೆವೆಂಬ ವಾದ ಅವನ ಹಳೆಯ ಒಡೆಯನ ವಾದವೇ. ಆದರೆ ಆ ವಾದವನ್ನು ಹೂಡುವ ನೆಲೆಗೆ ಬರಲು ಅವನಿಗೆ ಒಂದು ಪಲಾಯನ, ಎರಡು ಸಮುದ್ರಯಾನ ಮತ್ತು ಕಾಲು ಶತಮಾನ ಬೇಕಾದವು. ಗುಲಾಮನ ಹೋರಾಟ ಮುಗಿದಲ್ಲಿ ವಸಾಹತುಗಾರನ ಹೋರಾಟ ಆರಂಭವಾಗುತ್ತದೆಂದು ನಾವು ಹೇಳಿದ್ದು ಇದೇ ಅರ್ಥದಲ್ಲಿ. ಗುಲಾಮನಲ್ಲಿ ರಾಜಕೀಯ ಬುದ್ಧಿಯ ಕೊರತೆಯಿರಲಿಲ್ಲ; ಅವನ ಮುಂದೆ ಇನ್ನೂ ಒಂದು ಹಾದಿ ಹೆಚ್ಚಾಗಿತ್ತು.

ಈ ವಿಚಾರ ನಮ್ಮ ತರಗತಿಗಳಿಗೂ ಸಂಬಂಧಿಸಿದುದು. ಸ್ಟಾಂಪ್ ಕಾಯಿದೆಯಿಂದ ಆರಂಭಿಸಿ ೧೭೮೭ರ ಸಂವಿಧಾನದಲ್ಲಿ ಪಾಠ ಮುಗಿಸುವಾಗ, ಗುಲಾಮರ ಐದರಲ್ಲಿ ಮೂರು ಭಾಗವನ್ನು ಮಾತ್ರ ಪ್ರಾತಿನಿಧ್ಯಕ್ಕೆ ಎಣಿಸಿದ, ಅವರ ಆಮದನ್ನು ೧೮೦೮ರವರೆಗೆ ತಡೆಯಕೂಡದೆಂದ, ಓಡಿಹೋದವರನ್ನು ಹಿಡಿದೊಪ್ಪಿಸಬೇಕೆಂದ ಅದರ ವಿಧಿಗಳನ್ನು ಅಡಿಟಿಪ್ಪಣಿಗೆ ತಳ್ಳದೆ ಪಾಠದ ನಡುವೆ ತರಬೇಕು. ಫೆಲಿಕ್ಸನ ಮನವಿಯನ್ನೂ ಬೆಟ್‌ಳ ದಾವೆಯನ್ನೂ ಹ್ಯಾರಿಯ ಪಲಾಯನವನ್ನೂ ೧೭೭೬ರ ಘೋಷಣೆಯ ಪಕ್ಕದಲ್ಲಿಟ್ಟು ಓದಿಸಬೇಕು. ಪಾಮರ್ ಅವರಿಂದ ದೇಶಗಳ ಗಡಿ ದಾಟಿ ನೋಡುವುದನ್ನು ಕಲಿಯಬಹುದು. ಜೇಮ್ಸ್ ಅವರಿಂದ ಕೆಳಗಿನವರ ನಡೆಯನ್ನು ರಾಜಕೀಯವೆಂದು ಓದುವುದನ್ನು ಕಲಿಯಬಹುದು. ಹೊರಟ ಸ್ಥಳವನ್ನು ಮೊದಲು ಗುರುತಿಸಿ ಆಮೇಲೆ ದೂರವನ್ನು ಅಳೆಯುವ ಅಭ್ಯಾಸವನ್ನು ಮಾತ್ರ ನಾವೇ ಬೆಳೆಸಿಕೊಳ್ಳಬೇಕಾಗಿದೆ. 'ದಾಸ್ಯ' ಮತ್ತು 'ಜೀತ' ಎಂಬ ಎರಡು ಶಬ್ದಗಳನ್ನೂ ಒಂದೇ ಕಾಲದಲ್ಲಿ ಬಳಸಿದ ನಾಡಿನ ವಿದ್ಯಾರ್ಥಿಗಳಿಗೆ ಅದು ಅಸಾಧ್ಯವೇನೂ ಅಲ್ಲ.